ತೀರರೇಖೆ ಬೇರೆ, ನೀರಂಚು ಬೇರೆ

ಉಪಗ್ರಹ ಚಿತ್ರದ ಮೇಲೆ ಒಂದು ಕೆಂಪು ಗೆರೆ, ಒಂದು ಹಳದಿ ಗೆರೆ, ಕೆಳಗೆ ‘ತೀರರೇಖೆ ನಲವತ್ತು ಮೀಟರ್ ಒಳಸರಿದಿದೆ’ ಎಂಬ ಒಕ್ಕಣೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಯಿಂದ ಹಿಡಿದು ವಾಟ್ಸಾಪ್ ಫಾರ್ವರ್ಡ್‌ವರೆಗೆ ಇಂಥ ನಕ್ಷೆಗಳು ಬರುತ್ತಲೇ ಇವೆ. ಚಿತ್ರ ಯಾವ ದಿನದ್ದು, ಆ ಹೊತ್ತಿಗೆ ಕಡಲು ಎಷ್ಟು ಏರಿತ್ತು ಎಂಬ ಮಾತೇ ಇಲ್ಲದಿದ್ದರೆ ಅಲ್ಲಿ ಎಳೆದಿರುವುದು ತೀರರೇಖೆಯಲ್ಲ, ಬರೀ ನೀರಂಚು.

ಸಾಗರ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆ ಮಟ್ಟ ಗುಡ್ಡಗಳನ್ನು ಬಳಸಿ ಹೋಗುವ ಗೆರೆ ಅಣೆಕಟ್ಟು ಕಟ್ಟಿದಾಗಿನಿಂದ ಇದ್ದಲ್ಲೇ ಇದೆ. ಕದಲುವುದು ನೀರು. ಒಳ್ಳೆಯ ಮಳೆಯಾದ ವರ್ಷ ಅದು ಗೆರೆಯನ್ನು ಮುಟ್ಟುತ್ತದೆ, ಮೇ ಹೊತ್ತಿಗೆ ದೂರ ಇಳಿದಿರುತ್ತದೆ. ತೀರಾ ಇಳಿದಾಗ ಅದರಲ್ಲಿ ಮುಳುಗಿದ್ದ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆದ್ದು ಕಾಣುತ್ತದೆ. ಮೇ ತಿಂಗಳ ಚಿತ್ರ ಹಿಡಿದು ‘ಜಲಾಶಯವೇ ಕಿರಿದಾಯಿತು’ ಎಂದರೆ ಹಿನ್ನೀರಿನ ಊರುಗಳಲ್ಲಿ ಯಾರೂ ಒಪ್ಪುವುದಿಲ್ಲ. ಅದೇ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವ ಜಾಗದ ನಕ್ಷೆ ಬಂದಾಗ ಮಾತ್ರ ಈ ಎಚ್ಚರ ತಪ್ಪಿಹೋಗುತ್ತದೆ. ಹಿನ್ನೀರು ಏರಿಳಿಯುವುದು ವರ್ಷಕ್ಕೊಮ್ಮೆ. ಕಡಲು ದಿನಕ್ಕೆರಡು ಸಲ.

ತೀರರೇಖೆ ಎಂದರೆ ಗೊತ್ತುಮಾಡಿದ ಒಂದು ನೀರಮಟ್ಟ (ಆಧಾರ ಮಟ್ಟ), ಉದಾಹರಣೆಗೆ ಸರಾಸರಿ ಸಮುದ್ರಮಟ್ಟ, ಮರಳಿನ ಇಳಿಜಾರನ್ನು ಸೇರುವ ಗೆರೆ. ನೀರಂಚು ಎಂದರೆ ಉಪಗ್ರಹ ಹಾದುಹೋದ ಕ್ಷಣದಲ್ಲಿ ನೀರು ನಿಂತಿದ್ದ ಜಾಗ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯಲ್ಲಿರುವ ಉಬ್ಬರದ ಗೆರೆ ಇವೆರಡೂ ಅಲ್ಲ. ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಉಬ್ಬರ ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೋ ಅದು.

ನೀರಂಚನ್ನು ತೀರರೇಖೆಯಾಗಿಸುವ ಲೆಕ್ಕ ಚಿಕ್ಕದು. ಆಧಾರ ಮಟ್ಟದಿಂದ ಆ ಕ್ಷಣದ ನೀರಮಟ್ಟ ಕಳೆಯಿರಿ, ಬಂದದ್ದನ್ನು ದಂಡೆಯ ಇಳಿಜಾರಿನಿಂದ ಭಾಗಿಸಿ. ನೀರು ಆಧಾರ ಮಟ್ಟಕ್ಕಿಂತ 0.8 ಮೀಟರ್ ಕೆಳಗಿದ್ದು, ದಂಡೆ ನಲವತ್ತಕ್ಕೆ ಒಂದರಂತೆ ಇಳಿಜಾರಾಗಿದ್ದರೆ ಗೆರೆಯನ್ನು 32 ಮೀಟರ್ ನೆಲದ ಕಡೆಗೆ ಸರಿಸಬೇಕು. ಸೆಂಟಿನೆಲ್–2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ (ಚಿತ್ರದ ಅತಿ ಚಿಕ್ಕ ಚೌಕ) 10 ಮೀಟರ್. ಅಂದರೆ ಮೂರು ಪಿಕ್ಸೆಲ್‌ಗೂ ಮೀರಿದ ‘ಕೊರೆತ’ ಬರೀ ಇಳಿತದಿಂದ ಮುಚ್ಚಿಹೋಗಬಹುದು, ಉಬ್ಬರದಿಂದ ಹುಟ್ಟಿಕೊಳ್ಳಬಹುದು.

ಹೆಚ್ಚಿನವರು ಎಡವುವುದು ಗಡಿಯಾರದಲ್ಲಿ. ಚಿತ್ರದ ಫೈಲಿನಲ್ಲಿರುವುದು ಯುಟಿಸಿ ಸಮಯ, ಅಂದರೆ ಭಾರತೀಯ ಸಮಯಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ. ನಮ್ಮ ಕರಾವಳಿಯ ಸೆಂಟಿನೆಲ್–2 ಚಿತ್ರಗಳಲ್ಲಿ ಅದು ಐದೂವರೆಯ ಆಸುಪಾಸು ಇರುತ್ತದೆ. ನಮ್ಮ ಗಡಿಯಾರದಲ್ಲಿ ಬೆಳಗಿನ ಹನ್ನೊಂದು. ಅದನ್ನೇ ನಸುಕಿನ ಐದೂವರೆ ಎಂದುಕೊಂಡು ಉಬ್ಬರವಿಳಿತದ ಪಟ್ಟಿ ನೋಡಿದರೆ ಐದೂವರೆ ತಾಸು ತಪ್ಪುತ್ತದೆ. ಉಬ್ಬರದಿಂದ ಇಳಿತಕ್ಕೆ ಬೇಕಾದದ್ದೇ ಆರು ತಾಸು ಚಿಲ್ಲರೆ, ಹಾಗಾಗಿ ತಿದ್ದುಪಡಿ ಪೂರ್ತಿ ತಿರುಗುಮುರುಗಾಗುತ್ತದೆ. ಇನ್ನೊಂದು: ಬಂದರಿನ ಪಟ್ಟಿಯ ಎತ್ತರಗಳನ್ನು ಅಳೆಯುವುದು ಚಾರ್ಟ್ ಡೇಟಮ್‌ನಿಂದ (ಇಳಿತದಲ್ಲೂ ನೀರು ಸಾಮಾನ್ಯವಾಗಿ ಕೆಳಗಿಳಿಯದ ಮಟ್ಟ), ಸರಾಸರಿ ಸಮುದ್ರಮಟ್ಟದಿಂದಲ್ಲ. ಎರಡನ್ನೂ ಒಂದೇ ಮಟ್ಟಕ್ಕೆ ತಾರದೆ ಕಳೆಯಬಾರದು.

ನೀರಂಚನ್ನು ಹಿಡಿಯುವುದರಲ್ಲೂ ತೊಡಕಿದೆ. ಹಸಿರು ಮತ್ತು ಅತಿಗೆಂಪು ಬೆಳಕಿನ ಪಟ್ಟಿಗಳ ಹೊಳಪನ್ನು ಹೋಲಿಸುವ ಸೂಚ್ಯಂಕ ತೆಗೆದು, ಇಂತಿಷ್ಟಕ್ಕಿಂತ ಮೇಲಿದ್ದರೆ ನೀರು, ಕೆಳಗಿದ್ದರೆ ನೆಲ ಎಂದು ಬೇರ್ಪಡಿಸುವುದು ವಾಡಿಕೆ. ಆ ಮಿತಿಯನ್ನು ಇಡೀ ಚಿತ್ರಕ್ಕೆ ಲೆಕ್ಕಹಾಕಬಾರದು. ಘಟ್ಟದ ಕಾಡು, ಗದ್ದೆ, ಹೆಂಚಿನ ಮನೆ ಎಲ್ಲ ಸೇರಿ ಅದು ಎತ್ತಲೋ ವಾಲುತ್ತದೆ. ದಂಡೆಗೆ ಅಂಟಿದ ಪಟ್ಟಿಯನ್ನಷ್ಟೇ ಕತ್ತರಿಸಿ, ಮರಳು ಮತ್ತು ನೀರು ಇವೆರಡರ ನಡುವೆ ಮಿತಿ ಹುಡುಕಬೇಕು. ಒಡೆಯುವ ಅಲೆಯ ಬಿಳಿನೊರೆ ಮರಳಿನಂತೆ ಹೊಳೆಯುವುದರಿಂದ ಅದನ್ನು ಬೇರೆ ವರ್ಗವಾಗಿಯೇ ತೆಗೆದಿಡಬೇಕು. ಆಗಷ್ಟೇ ನೀರಿಳಿದ ಹಸಿ ಮರಳು ಶಾರ್ಟ್‌ವೇವ್ ಅತಿಗೆಂಪಿನಲ್ಲಿ ನೀರಿನಷ್ಟೇ ಕಪ್ಪಾಗಿ ಕಾಣುತ್ತದೆ, ಗೆರೆ ತಾನಾಗಿ ಮೇಲಕ್ಕೆ ಹತ್ತುತ್ತದೆ. ನಮ್ಮ ಕರಾವಳಿಯ ನೀರು ಪಶ್ಚಿಮಕ್ಕಿದೆ, ಹನ್ನೊಂದರ ಬಿಸಿಲು ಪೂರ್ವದಿಂದ. ದಂಡೆಗಂಟಿದ ಮುರಕಲ್ಲಿನ ಗುಡ್ಡದ ನೆರಳು ಮರಳ ಮೇಲೇ ಬೀಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಇನ್ನೂ ಉದ್ದಕ್ಕೆ. ಕಪ್ಪು ನೆರಳನ್ನು ಸೂಚ್ಯಂಕ ನೀರೆಂದೇ ಓದುವುದುಂಟು.

ಋತು ಮರೆತ ಹೋಲಿಕೆಯಂತೂ ಬೇಡವೇ ಬೇಡ. ಮಳೆಗಾಲದ ಅಲೆ ಮರಳನ್ನು ಕಡಲಿಗೆ ಎಳೆದೊಯ್ಯುತ್ತದೆ, ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಸಣ್ಣ ಅಲೆಗಳು ಅದನ್ನು ಮೆಲ್ಲಗೆ ಮರಳಿಸುತ್ತವೆ. ಒಂದು ವರ್ಷದ ಅಕ್ಟೋಬರ್ ಚಿತ್ರವನ್ನು ಇನ್ನೊಂದು ವರ್ಷದ ಮಾರ್ಚ್ ಚಿತ್ರದ ಪಕ್ಕ ಇಟ್ಟರೆ ಏನು ಬೇಕಾದರೂ ಸಾಬೀತು ಮಾಡಬಹುದು. ಪ್ರತಿ ವರ್ಷ ಫೆಬ್ರವರಿ–ಮಾರ್ಚಿನ ಮೋಡವಿಲ್ಲದ ಚಿತ್ರಗಳನ್ನಷ್ಟೇ ಆರಿಸಿ, ಒಂದೊಂದನ್ನೂ ಉಬ್ಬರಕ್ಕೆ ತಿದ್ದಿ, ದಂಡೆಗೆ ಅಡ್ಡವಾಗಿ ನೂರು ಮೀಟರಿಗೊಂದರಂತೆ ಗೆರೆ ಹಾಕಿ ಅಳೆದು ಸರಾಸರಿ ತೆಗೆಯಬೇಕು. ಇಷ್ಟೆಲ್ಲ ಮಾಡಿದರೂ ಹತ್ತು ಮೀಟರಿನಷ್ಟು ಹೆಚ್ಚುಕಮ್ಮಿ ಉಳಿಯುತ್ತದೆ. ಅದನ್ನು ನಕ್ಷೆಯ ಮೂಲೆಯಲ್ಲಿ, ಚಿತ್ರದ ದಿನಾಂಕ ಮತ್ತು ಆಧಾರ ಮಟ್ಟದ ಜೊತೆಗೇ ಬರೆಯಬೇಕು.