ಲ್ಯಾಪ್‌ಟಾಪಿನಲ್ಲಿ ಎರಡನೇ ಓಎಸ್: ಎಷ್ಟು ಜಾಗ ಬಿಟ್ಟರೆ ಸಾಕು?

ಲಿನಕ್ಸ್ ಬಗೆಯ ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಆದ ಉಬುಂಟು 24.04 ಹಾಕಿಕೊಳ್ಳಲು ಎಷ್ಟು ಜಾಗ ಬೇಕೆಂದು ಕೇಳಿದರೆ ಅದರ ತಯಾರಕರು ಕೊಡುವ ಉತ್ತರ 25 ಜಿಬಿ. ಲಿನಕ್ಸ್ ಮಿಂಟ್ ಕನಿಷ್ಠ 20 ಜಿಬಿ ಎಂದು ಹೇಳಿ, 100 ಜಿಬಿ ಇದ್ದರೆ ಅನುಕೂಲ ಎಂದೂ ಸೇರಿಸುತ್ತದೆ. ವಿಂಡೋಸ್ 11ಕ್ಕೆ 64 ಜಿಬಿ. ಈ ಅಂಕಿಗಳಲ್ಲಿ ಸುಳ್ಳೇನೂ ಇಲ್ಲ. ಅಷ್ಟು ಜಾಗ ಇದ್ದರೆ ಇನ್‌ಸ್ಟಾಲ್ ಸುಸೂತ್ರವಾಗಿ ಮುಗಿಯುತ್ತದೆ. ಆದರೆ ಓಎಸ್ ಹಾಕಿದ ದಿನ ಹಿಡಿಯುವ ಜಾಗವೇ ಬೇರೆ, ಎರಡು ವರ್ಷ ಬಳಸಿದ ಮೇಲೆ ಹಿಡಿಯುವ ಜಾಗವೇ ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೆಯ ಲ್ಯಾಪ್‌ಟಾಪುಗಳಲ್ಲಿ ಪಕ್ಕಕ್ಕೊಂದು ಲಿನಕ್ಸ್ ಹಾಕಿ ನೋಡೋಣ ಎನ್ನುವವರು ಬಹಳ ಮಂದಿ. ಅವರು 25 ಅಥವಾ 30 ಜಿಬಿ ಕೊಟ್ಟು ಶುರು ಮಾಡಿದರೆ ಕೆಲವೇ ತಿಂಗಳಲ್ಲಿ ಜಾಗ ಸಾಲದಾಗುತ್ತದೆ. ಆಮೇಲೆ ಹಿಗ್ಗಿಸಿಕೊಂಡರಾಯಿತು ಅನ್ನಿಸಬಹುದು. ತೊಂದರೆ ಇರುವುದೇ ಅಲ್ಲಿ.

ಅಂಗಡಿಯಿಂದ ಬಂದ 512 ಜಿಬಿ ಎಸ್‌ಎಸ್‌ಡಿಯ ಒಳಗನ್ನು ಒಮ್ಮೆ ನೋಡಿ. ಅದು ಪಾರ್ಟಿಶನ್ ಎಂಬ ಭಾಗಗಳಾಗಿ ಹಂಚಿಹೋಗಿರುತ್ತದೆ. ಮೊದಲಿಗೆ ಓಎಸ್ ಶುರುವಾಗಲು (ಬೂಟ್ ಆಗಲು) ಬೇಕಾದ ಕಡತಗಳಿರುವ ಇಎಫ್‌ಐ ಪಾರ್ಟಿಶನ್, 100 ಅಥವಾ 260 ಎಂಬಿ. ಅದರ ಪಕ್ಕ ಕಣ್ಣಿಗೆ ಬೀಳದ 16 ಎಂಬಿಯ ಒಂದು ತುಣುಕು. ಆಮೇಲೆ ಹೆಚ್ಚುಕಡಿಮೆ ಇಡೀ ಡಿಸ್ಕನ್ನು ಆಕ್ರಮಿಸಿದ ಸಿ ಡ್ರೈವ್. ಕೊನೆಯಲ್ಲಿ, ಬಲತುದಿಗೆ, ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾಗುವ ರಿಕವರಿ ಪಾರ್ಟಿಶನ್. ಡಿಸ್ಕಿನ ಡಬ್ಬಿಯ ಮೇಲೆ 512 ಎಂದಿದ್ದರೂ ವಿಂಡೋಸ್ ತೋರಿಸುವುದು 476 ಮಾತ್ರ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕಿದರೆ ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. ಇದೇ ಕಾರಣಕ್ಕೆ 256 ಜಿಬಿ ಡಿಸ್ಕ್ 238 ಆಗಿ, 1 ಟಿಬಿ ಡಿಸ್ಕ್ 931 ಆಗಿ ಕಾಣುತ್ತದೆ. ಲೆಕ್ಕ ಹಾಕುವಾಗ ಈ ಕಡಿಮೆ ಅಂಕಿಯನ್ನೇ ಹಿಡಿಯಿರಿ.

ಈಗ ಸಿ ಡ್ರೈವನ್ನು ಕುಗ್ಗಿಸಿದರೆ ಖಾಲಿ ಜಾಗ ಅದರ ಬಲಕ್ಕೆ, ಅಂದರೆ ಸಿ ಮತ್ತು ರಿಕವರಿಯ ನಡುವೆ ಹುಟ್ಟುತ್ತದೆ. ಲಿನಕ್ಸ್ ಹೋಗಿ ಕೂರುವುದು ಅಲ್ಲಿ. ಆರು ತಿಂಗಳ ಮೇಲೆ ಜಾಗ ಸಾಲದೆ ಸಿ ಡ್ರೈವನ್ನು ಇನ್ನೂ 40 ಜಿಬಿ ಕುಗ್ಗಿಸಿದಿರಿ ಅನ್ನಿ. ಹೊಸ ಖಾಲಿ ಜಾಗ ಮತ್ತೆ ಸಿ ಡ್ರೈವಿನ ಬಲಕ್ಕೇ ಬರುತ್ತದೆ, ಅಂದರೆ ಲಿನಕ್ಸಿನ ಎಡಕ್ಕೆ. ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಯಾದ ಎಕ್ಸ್ಟ್4 ಬಲಕ್ಕೆ ಬೆಳೆಯುವುದಾದರೆ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ, ಓಎಸ್ ಓಡುತ್ತಿರುವಾಗಲೇ ಮಾಡಬಹುದು. ಎಡಕ್ಕೆ ಬೆಳೆಯಲು ಹಾಗೆ ದಾರಿಯಿಲ್ಲ. ಪಾರ್ಟಿಶನ್ನಿನ ಆರಂಭವೇ ಬದಲಾಗುವುದರಿಂದ ಒಳಗಿನ ಡೇಟಾವನ್ನೆಲ್ಲ ಎತ್ತಿ ಹೊಸ ಜಾಗಕ್ಕೆ ಬರೆಯಬೇಕು. ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸಿನಿಂದ) ಬೂಟ್ ಮಾಡಿ ಜಿಪಾರ್ಟೆಡ್ ಎಂಬ ಪಾರ್ಟಿಶನ್ ಸಾಧನದಲ್ಲಿ ಈ ಕೆಲಸ ಮಾಡಬಹುದು, ಆದರೆ ಡೇಟಾ ಹೆಚ್ಚಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟರೆ ಅರ್ಧ ಡೇಟಾ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿದು ಎರಡೂ ಓದಲು ಬಾರದಂತಾಗುತ್ತದೆ. ಹಾಗಾಗಿ ಮೊದಲ ದಿನ ಕೊಡುವ ಅಂಕಿಯೇ ಕೊನೆಯದು ಎಂದುಕೊಂಡು ಕೊಡಬೇಕು.

ಜಾಗ ತಿನ್ನುವುದು ಯಾವುದು? ಹೊಸದಾಗಿ ಹಾಕಿದ ಉಬುಂಟು 10ರಿಂದ 15 ಜಿಬಿ ಹಿಡಿಯುತ್ತದೆ. ಇದರಲ್ಲಿ ಇನ್‌ಸ್ಟಾಲರ್ ತಾನೇ ಮಾಡಿಕೊಳ್ಳುವ ಸ್ವಾಪ್ ಫೈಲೂ (ರ್‍ಯಾಮ್ ಸಾಲದಾದಾಗ ಬಳಸುವ ಜಾಗ) ಸೇರಿದೆ. ಅಲ್ಲಿಂದಾಚೆಗಿನ ಬೆಳವಣಿಗೆ ಸದ್ದಿಲ್ಲದೆ ನಡೆಯುತ್ತದೆ. ಅಪ್‌ಡೇಟಿನೊಂದಿಗೆ ಹೊಸ ಕರ್ನಲ್ (ಓಎಸ್‌ನ ತಿರುಳು) ಬಂದಾಗ ಹಳೆಯದೂ ಉಳಿದುಕೊಳ್ಳುತ್ತದೆ. ಹೊಸದು ಬೂಟ್ ಆಗದಿದ್ದರೆ ಹಳೆಯದಕ್ಕೆ ಮರಳಲು ಇದು ಬೇಕೇ ಬೇಕು. ಆದರೆ ಮಾಡ್ಯೂಲುಗಳೂ ಸೇರಿ ಒಂದೊಂದಕ್ಕೆ ಕೆಲವು ನೂರು ಎಂಬಿ. ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುವ ಫೈರ್‌ಫಾಕ್ಸ್‌ನಂಥ ತಂತ್ರಾಂಶಗಳಿಗೆ ತಲಾ ಎರಡು ಆವೃತ್ತಿಗಳನ್ನು ಉಬುಂಟು ಇಟ್ಟುಕೊಳ್ಳುತ್ತದೆ: ಈಗಿನದು, ಹಿಂದಿನದು. ವ್ಯವಸ್ಥೆಯ ಲಾಗ್ ಬರೆಯುವ ಜರ್ನಲ್ ಪಾರ್ಟಿಶನ್ನಿನ ಶೇ. 10ರವರೆಗೆ, ಗರಿಷ್ಠ 4 ಜಿಬಿವರೆಗೆ ಬೆಳೆಯಬಹುದು. ತಂತ್ರಾಂಶ ಹಾಕುವ ಸಾಧನವಾದ ಎಪಿಟಿ ಇಳಿಸಿಕೊಂಡ ಪ್ಯಾಕೇಜುಗಳ ಪ್ರತಿಗಳೂ ಒಂದು ಮೂಲೆಯಲ್ಲಿ ಕೂಡುತ್ತಾ ಹೋಗುತ್ತವೆ. ಇವೆಲ್ಲ ಸೇರಿದರೆ, ಬಳಕೆದಾರ ಒಂದು ಫೋಟೊವನ್ನೂ ಹಾಕದೆ 25 ಜಿಬಿ ಮುಟ್ಟಬಹುದು.

ಕನ್ನಡಕ್ಕೆ ಪ್ರತ್ಯೇಕ ಜಾಗ ಬೇಕೇ ಎಂಬ ಸಂದೇಹ ಇದ್ದರೆ ಬಿಟ್ಟುಬಿಡಿ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು, ಟೈಪ್ ಮಾಡಲು ಐಬಸ್ ಜೊತೆ ಬಳಸುವ ಎಂ17ಎನ್ ಮತ್ತು ಅದರೊಳಗಿನ ಕೆಜಿಪಿ ಕೀಲಿಮಣೆ ಎಲ್ಲ ಸೇರಿದರೂ ಕೆಲವೇ ಎಂಬಿ.

ಇನ್ನೊಂದು ಅಂಕಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಎಕ್ಸ್ಟ್4 ತನ್ನ ಶೇ. 5ರಷ್ಟು ಜಾಗವನ್ನು ರೂಟ್ ಎಂಬ ಮೇಲಧಿಕಾರದ ಬಳಕೆದಾರನಿಗೆಂದು ತೆಗೆದಿಡುತ್ತದೆ. 100 ಜಿಬಿಯಲ್ಲಿ 5 ಜಿಬಿ. ಡಿಸ್ಕಿನಲ್ಲಿ ಇನ್ನೂ ಜಾಗ ಇದ್ದಂತೆ ಕಂಡರೂ ಫೈಲ್ ಉಳಿಸಲಾಗುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಇದನ್ನು ವ್ಯರ್ಥ ಎಂದುಕೊಳ್ಳಬೇಡಿ. ಡಿಸ್ಕ್ ಪೂರ್ತಿ ತುಂಬಿದಾಗ ವ್ಯವಸ್ಥೆ ಉಸಿರಾಡುವುದು ಈ ಮೀಸಲಿನಿಂದಲೇ. ದೊಡ್ಡ ಪಾರ್ಟಿಶನ್ನುಗಳಲ್ಲಿ ಇದನ್ನು ಶೇ. 1ಕ್ಕೆ ಇಳಿಸಬಹುದು, ಟ್ಯೂನ್2ಎಫ್‌ಎಸ್ ಎಂಬ ಸಾಧನ ಇರುವುದು ಅದಕ್ಕೇ. 40 ಜಿಬಿಯ ಪಾರ್ಟಿಶನ್ನಿನಲ್ಲಿ ಮಾತ್ರ ಕೈ ಹಾಕದಿರುವುದು ಒಳ್ಳೆಯದು.

ತುಂಬಿಹೋದರೆ ಏನಾಗುತ್ತದೆ? ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟಿರುತ್ತೀರಿ, ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪುಟವೇ ಬರುತ್ತದೆ. ಡೆಸ್ಕ್‌ಟಾಪ್ ಶುರುವಾಗಲು ಬರೆಯಬೇಕಾದ ಸಣ್ಣ ಫೈಲುಗಳಿಗೂ ಜಾಗ ಸಿಗದೆ ಹೀಗಾಗುತ್ತದೆ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಅಕ್ಷರಗಳಷ್ಟೇ ಇರುವ ಟರ್ಮಿನಲ್ಲಿನಲ್ಲಿ ಲಾಗಿನ್ ಆಗಿ, ಎಪಿಟಿ ಕ್ಲೀನ್ ಮತ್ತು ಎಪಿಟಿ ಆಟೋರಿಮೂವ್ ಆದೇಶಗಳನ್ನು ಸುಡೊ ಜೊತೆ (ರೂಟ್ ಅಧಿಕಾರದಲ್ಲಿ) ಕೊಟ್ಟರೆ ಮತ್ತೆ ಒಳಗೆ ಬರುವಷ್ಟು ಜಾಗ ಸಾಮಾನ್ಯವಾಗಿ ಸಿಗುತ್ತದೆ. ಇದಕ್ಕಿಂತ ಕೆಟ್ಟದ್ದು ಅಪ್‌ಡೇಟ್ ನಡುವೆ ಜಾಗ ಮುಗಿಯುವುದು. ಹೊಸ ಕರ್ನಲ್ ಕುಳಿತಿರುತ್ತದೆ, ಅದರ ಜೊತೆ ಬೇಕಾದ ಇನಿಟ್‌ಆರ್‌ಡಿ ಕಡತ ಅರ್ಧಕ್ಕೆ ನಿಂತಿರುತ್ತದೆ, ಮುಂದಿನ ಬೂಟ್ ಅಲ್ಲೇ ಮುಗ್ಗರಿಸುತ್ತದೆ. ಬೂಟ್ ಆಗುವಾಗ ಓಎಸ್ ಆರಿಸಿಕೊಳ್ಳಲು ಬರುವ ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಳೆಯ ಕರ್ನಲ್ ಆರಿಸಿಕೊಂಡು ಒಳಹೊಕ್ಕು ಸರಿಪಡಿಸಬೇಕು.

ಇಷ್ಟರ ಮೇಲೆ ಅಂಕಿ ಹೇಳಬಹುದು. 256 ಜಿಬಿ ಡಿಸ್ಕಾದರೆ ಲಿನಕ್ಸಿಗೆ 60 ಜಿಬಿ. ಬ್ರೌಸರ್, ಲಿಬ್ರೆ ಆಫೀಸ್, ಒಂದಿಷ್ಟು ಪ್ರೋಗ್ರಾಮಿಂಗ್ ಕಲಿಕೆಗೆ ಇದು ಸಾಕು. ವಿಂಡೋಸಿಗೆ ಉಳಿಯುವ 175 ಜಿಬಿಗಿಂತ ಬಹಳ ಕೆಳಗೆ ಹೋಗಬೇಡಿ. ವಿಂಡೋಸ್ ಅಪ್‌ಡೇಟುಗಳಿಗೆಂದೇ ಸುಮಾರು 7 ಜಿಬಿ ಮೀಸಲಿಟ್ಟುಕೊಳ್ಳುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಹಳೆಯ ವಿಂಡೋಸನ್ನು 10 ದಿನ ಹಾಗೇ ಉಳಿಸಿಕೊಳ್ಳುತ್ತದೆ. 512 ಜಿಬಿ ಡಿಸ್ಕಾದರೆ 100ರಿಂದ 120 ಜಿಬಿ ಕೊಡಿ, ಬಹುಪಾಲು ಜನರಿಗೆ ಇದೇ ಸರಿಯಾದ ಅಳತೆ. ಡಾಕರ್, ಆಂಡ್ರಾಯ್ಡ್ ಸ್ಟುಡಿಯೊ, ಮಷಿನ್ ಲರ್ನಿಂಗ್ ಮಾಡುವವರ ಲೆಕ್ಕ ಬೇರೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬಳಸಲು ಬೇಕಾದ ಕ್ಯೂಡಾ (CUDA) ಸಮೇತ ಮಷಿನ್ ಲರ್ನಿಂಗ್ ತಂತ್ರಾಂಶ ಪೈಟಾರ್ಚ್ ಇರುವ ಒಂದೇ ಒಂದು ಪೈಥಾನ್ ಎನ್ವಿರಾನ್‌ಮೆಂಟ್ 5 ಜಿಬಿ ದಾಟುವುದು ಮಾಮೂಲು, ಡಾಕರ್ ಇಮೇಜುಗಳು ಹತ್ತಾರು ಜಿಬಿ ಮುಟ್ಟುತ್ತವೆ. ಅಂಥವರಿಗೆ 200 ಜಿಬಿ ಬೇಕು. ಲಿನಕ್ಸಿನಲ್ಲೇ ದೊಡ್ಡ ಆಟಗಳನ್ನು ಆಡುವವರು ಒಂದೊಂದು ಆಟಕ್ಕೆ 100 ಜಿಬಿ ಹಿಡಿದರೂ ಹೆಚ್ಚಲ್ಲ. 128 ಜಿಬಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ಓಎಸ್ ಇಡುವುದು ಇಬ್ಬರನ್ನೂ ಉಪವಾಸ ಕೆಡವಿದ ಹಾಗೆ. ಅಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ಹೈಬರ್ನೇಟ್ (ರ್‍ಯಾಮಿನಲ್ಲಿರುವುದನ್ನು ಡಿಸ್ಕಿಗೆ ಬರೆದು ಆಫ್ ಆಗುವುದು) ಬೇಕೆಂದರೆ ಸ್ವಾಪ್ ಕನಿಷ್ಠ ರ್‍ಯಾಮ್‌ನಷ್ಟಿರಬೇಕು. 16 ಜಿಬಿ ರ್‍ಯಾಮ್ ಇದ್ದವರು ಮೇಲಿನ ಅಂಕಿಗೆ ಇನ್ನೊಂದು 16 ಕೂಡಿಸಿಕೊಳ್ಳಲಿ. ನಿಮ್ಮ ಫೈಲುಗಳಿರುವ ಹೋಮ್ ಡೈರೆಕ್ಟರಿಗೆ ಬೇರೆ ಪಾರ್ಟಿಶನ್ ಮಾಡಿ ಎಂಬ ಹಳೆಯ ಸಲಹೆಯನ್ನು 100 ಜಿಬಿಗಿಂತ ಕಡಿಮೆ ಇರುವಾಗ ಪಾಲಿಸದಿರುವುದೇ ಮೇಲು. ಹೋಮ್‌ನಲ್ಲಿ 30 ಜಿಬಿ ಖಾಲಿ ಬಿದ್ದಿರುವಾಗ ಓಎಸ್ ಇರುವ ರೂಟ್ ಪಾರ್ಟಿಶನ್ ತುಂಬಿ ಅಪ್‌ಡೇಟ್ ನಿಂತುಹೋಗುತ್ತದೆ.

ಕುಗ್ಗಿಸುವ ಕೆಲಸವನ್ನು ವಿಂಡೋಸ್ ಒಳಗಿನಿಂದಲೇ ಮಾಡಿ. ಅದಕ್ಕೂ ಮುಂಚೆ ಫೈಲುಗಳ ಬ್ಯಾಕಪ್ ತೆಗೆದುಕೊಳ್ಳಿ, ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎನ್‌ಕ್ರಿಪ್ಶನ್ ತಾನಾಗಿಯೇ ಚಾಲೂ ಆಗಿರಬಹುದು. ಬೂಟ್ ಕ್ರಮ ಬದಲಾದೊಡನೆ ವಿಂಡೋಸ್ ಆ ಕೀ ಕೇಳಬಹುದು. ವಿಂಡೋಸ್ ಕೀ ಮತ್ತು ಎಕ್ಸ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ. ಅಲ್ಲಿರುವ ಚೌಕದಲ್ಲಿ ಕುಗ್ಗಿಸಬಹುದಾದ ಗರಿಷ್ಠ ಅಂಕಿ ಮೊದಲೇ ತುಂಬಿರುತ್ತದೆ. ಅದನ್ನು ಅಳಿಸಿ ನಿಮ್ಮದನ್ನು ಬರೆಯಿರಿ. ಅಳತೆ ಎಂಬಿಯಲ್ಲಿ, 100 ಜಿಬಿಗೆ 102400. ಇದೇ ಜಾಗ ಉಬುಂಟುವಿನ ಡಿಸ್ಕ್ಸ್ ತಂತ್ರಾಂಶದಲ್ಲಿ 107 ಜಿಬಿ ಎಂದು ಕಂಡರೆ ಗಾಬರಿ ಬೇಡ. ಹುಟ್ಟಿದ ಖಾಲಿ ಜಾಗವನ್ನು ಹಾಗೇ ಬಿಡಿ, ಹೊಸ ಡ್ರೈವ್ ಮಾಡಿ ಫಾರ್ಮ್ಯಾಟ್ ಮಾಡಬೇಡಿ.

ಸಿ ಡ್ರೈವಿನಲ್ಲಿ 300 ಜಿಬಿ ಖಾಲಿ ಇದ್ದರೂ 30 ಜಿಬಿಗಿಂತ ಹೆಚ್ಚು ಕುಗ್ಗಿಸಲು ವಿಂಡೋಸ್ ಒಪ್ಪದಿರಬಹುದು. ಹೈಬರ್ನೇಶನ್ ಫೈಲ್, ಪೇಜ್ ಫೈಲ್, ರಿಸ್ಟೋರ್ ಪಾಯಿಂಟುಗಳು ಡಿಸ್ಕಿನ ನಡುವೆ ಎಲ್ಲೋ ಕುಳಿತಿರುತ್ತವೆ. ವಿಂಡೋಸ್ ಓಡುತ್ತಿರುವಾಗ ಅವನ್ನು ಕದಲಿಸಲಾಗದು, ಅವುಗಳ ಎಡಕ್ಕೆ ಪಾರ್ಟಿಶನ್ ಕುಗ್ಗಲಾರದು. ಯಾವ ಫೈಲ್ ಅಡ್ಡ ಬಂದಿದೆ ಎಂಬುದು ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗಿನಲ್ಲಿ 259ನೇ ಸಂಖ್ಯೆಯ ಈವೆಂಟಿನಲ್ಲಿ ಹೆಸರು ಸಮೇತ ಸಿಗುತ್ತದೆ. ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ಪ್ರೊಟೆಕ್ಷನ್ ಮೂರನ್ನೂ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಆದ ಮೇಲೆ ಕೊನೆಯ ಎರಡನ್ನು ಮರಳಿ ಹಾಕಿ. ಹೈಬರ್ನೇಶನ್ ಆಫ್ ಆಗಿಯೇ ಇರಲಿ. 16 ಜಿಬಿ ರ್‍ಯಾಮ್ ಇರುವಲ್ಲಿ ಅದರ ಫೈಲೇ ಆರು ಜಿಬಿಗೂ ಮಿಗಿಲು. ಅದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ಫಾಸ್ಟ್ ಸ್ಟಾರ್ಟಪ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುತ್ತದೆ. ಲಿನಕ್ಸಿನಿಂದ ಆ ಡ್ರೈವನ್ನು ತೆರೆದರೆ ಓದಬಹುದೇ ಹೊರತು ಬರೆಯಲು ಬಿಡುವುದಿಲ್ಲ.

ಇಎಫ್‌ಐ ಪಾರ್ಟಿಶನ್ 100 ಎಂಬಿಯಷ್ಟೇ ಇದ್ದರೂ ಉಬುಂಟು, ಮಿಂಟ್‌ಗಳಿಗೆ ತೊಂದರೆಯಿಲ್ಲ. ಅವು ಅಲ್ಲಿ ಇಡುವುದು ಗ್ರಬ್‌ನ ಕೆಲವೇ ಎಂಬಿ. ಪಾಪ್ ಓಎಸ್‌ನಂಥವು ಕರ್ನಲ್ಲನ್ನೇ ಅಲ್ಲಿ ಇಡುವುದರಿಂದ 100 ಎಂಬಿ ಖಂಡಿತ ಸಾಲದು, ಒಂದು ಜಿಬಿಯ ಇನ್ನೊಂದು ಇಎಫ್‌ಐ ಪಾರ್ಟಿಶನ್ ಮಾಡಿಕೊಡಬೇಕು. ಇನ್‌ಸ್ಟಾಲ್ ಮಾಡುವಾಗ ಹಳೆಯ ಇಎಫ್‌ಐ ಪಾರ್ಟಿಶನ್ ಎದುರಿನ ಫಾರ್ಮ್ಯಾಟ್ ಚೌಕಕ್ಕೆ ಮಾತ್ರ ಗುರುತು ಹಾಕಬೇಡಿ. ವಿಂಡೋಸ್ ಬೂಟ್ ಆಗುವುದೇ ನಿಲ್ಲುತ್ತದೆ.

ಈಗಾಗಲೇ ಕಡಿಮೆ ಜಾಗ ಕೊಟ್ಟು ಸಿಕ್ಕಿಬಿದ್ದವರಿಗೆ ಪಾರ್ಟಿಶನ್ ಸರಿಸದೆಯೇ ಒಂದು ದಾರಿಯಿದೆ. ಸಿ ಡ್ರೈವನ್ನು ಮತ್ತೆ ಕುಗ್ಗಿಸಿ, ಲಿನಕ್ಸಿನ ಎಡಕ್ಕೆ ಹುಟ್ಟಿದ ಜಾಗದಲ್ಲಿ ಹೊಸ ಎಕ್ಸ್ಟ್4 ಪಾರ್ಟಿಶನ್ ಮಾಡಿ ಹೋಮ್ ಡೈರೆಕ್ಟರಿಯನ್ನು ಅಲ್ಲಿಗೆ ಸಾಗಿಸಿ. ಮೊದಲೇ ಎಲ್‌ವಿಎಂ ಅಥವಾ ಬಿಟಿಆರ್‌ಎಫ್‌ಎಸ್ ಮೇಲೆ ಇನ್‌ಸ್ಟಾಲ್ ಮಾಡಿದ್ದರೆ ಇನ್ನೂ ಸುಲಭ. ಅವೆರಡೂ ಡಿಸ್ಕಿನ ಯಾವ ಮೂಲೆಯ ಪಾರ್ಟಿಶನ್ನನ್ನಾದರೂ ತಮ್ಮೊಳಗೆ ಸೇರಿಸಿಕೊಂಡು ಒಂದೇ ಜಾಗವೆಂಬಂತೆ ಬಳಸುತ್ತವೆ, ಎಡಬಲದ ತಕರಾರೇ ಇಲ್ಲ. ಇಷ್ಟೆಲ್ಲ ಮಾಡುವ ಮುಂಚೆ ಲ್ಯಾಪ್‌ಟಾಪಿನ ತಳ ಬಿಚ್ಚಿ ಎಸ್‌ಎಸ್‌ಡಿ ಕೂರಿಸುವ ಎರಡನೇ ಎಂ.2 ಸ್ಲಾಟ್ ಇದೆಯೇ ನೋಡಿ. ಖಾಲಿ ಸ್ಲಾಟ್ ಸಿಕ್ಕರೆ ಲಿನಕ್ಸಿಗೆ ಅದರದೇ ಎಸ್‌ಎಸ್‌ಡಿ ಹಾಕಿ. ಇನ್‌ಸ್ಟಾಲ್ ಮಾಡುವಾಗ ವಿಂಡೋಸ್ ಡಿಸ್ಕನ್ನು ಬಿಚ್ಚಿಟ್ಟರೆ ಹೊಸ ಡಿಸ್ಕಿನ ಮೇಲೆಯೇ ಪ್ರತ್ಯೇಕ ಇಎಫ್‌ಐ ಪಾರ್ಟಿಶನ್ ಆಗುತ್ತದೆ. ಆಮೇಲೆ ಯಾವ ಡಿಸ್ಕನ್ನು ತೆಗೆದರೂ ಇನ್ನೊಂದು ತಾನೇ ಬೂಟ್ ಆಗುತ್ತದೆ.