ಪ್ಲಾನ್ ಆಗಲೇ ಪಾಸಾಗಿದೆ ಅಂತಾರೆ, ನಾವು ಯಾವಾಗ ಕೇಳಬೇಕಿತ್ತು?

ಪ್ರಶ್ನೆ: ನಾವು ಬಳ್ಳಾರಿಯವರು. ನಮ್ಮ ಓಣಿಯಲ್ಲಿ ಚರಂಡಿ ಕೆಲಸ ಶುರುವಾಗಿದೆ, ಇಳಿಜಾರು ನೋಡಿದರೆ ಉಲ್ಟಾ ಇದೆ. ಪಾರ್ಕಿಗೆ ಅಂತ ಬಿಟ್ಟ ಜಾಗದಲ್ಲೂ ಏನೋ ಕಟ್ಟಡ ಬರುತ್ತದಂತೆ. ಕೇಳಿದರೆ "ಪ್ಲಾನ್ ಆಗಲೇ ಪಾಸಾಗಿದೆ, ನೀವ್ಯಾರು ಕೇಳೋಕೆ?" ಅಂತಾರೆ. ನಿಜಕ್ಕೂ ನಮಗೆ ಹಕ್ಕಿಲ್ವಾ?

ಹಕ್ಕಿದೆ. ಆದರೆ ಜೆಸಿಬಿ ಬಂದ ಮೇಲೆ ಕೇಳಿದರೆ ಚರಂಡಿ ವಿಷಯದಲ್ಲಿ ಜಾಸ್ತಿ ಉಪಯೋಗ ಆಗಲ್ಲ. ಪಾರ್ಕಿನದು ಬೇರೆ ಕಥೆ, ಅದಕ್ಕೆ ಆಮೇಲೆ ಬರ್ತೀನಿ.

ಓಣಿಯ ಕೆಲಸ ಮೊದಲು ಸೇರೋದು ಕ್ರಿಯಾ ಯೋಜನೆ ಅನ್ನೋ ಪಟ್ಟಿಗೆ. ಆಮೇಲೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಮಂಜೂರಾತಿ ಆಗುತ್ತದೆ, ಟೆಂಡರ್ ಕರೆಯುತ್ತಾರೆ, ವರ್ಕ್ ಆರ್ಡರ್ ಕೊಡುತ್ತಾರೆ. ಟೆಂಡರ್ ಆದ ಮೇಲೆ ಚರಂಡಿ ಆ ಕಡೆ ತಿರುಗಿಸಿ ಅಂದರೆ ಎಲ್ಲ ಕಾಗದ ಮತ್ತೆ ಮೊದಲಿಂದ ಓಡಬೇಕು, ಹಾಗಾಗಿ ಯಾರೂ ಒಪ್ಪಲ್ಲ. ನೀವು ಹಿಡಿಯಬೇಕಿರೋದು ಕ್ರಿಯಾ ಯೋಜನೆಯ ಪಟ್ಟಿ ತಯಾರಾಗುವ ಹೊತ್ತು.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಹಿಂದೆ ನಾವಿದ್ದ ಓಣಿಯಲ್ಲಿ (ಊರ ಹೆಸರು ಬೇಡ ಬಿಡಿ) ಹೊಸ ಚರಂಡಿ ಮನೆಗಳ ಹೊಸ್ತಿಲಿಗಿಂತ ಒಂದು ಗೇಣು ಎತ್ತರಕ್ಕೆ ಬಂತು. ಮೊದಲ ಮಳೆಗೇ ನೀರು ಒಳಗೆ. ಜಗಳ ಆಡಿದೆವು, ಏನೂ ಆಗಲಿಲ್ಲ. ಮುಂದಿನ ಸಲ ಪಕ್ಕದ ಓಣಿಯ ಸರದಿ ಬರುವ ಮೊದಲೇ ಅಲ್ಲಿನ ನಾಲ್ಕೈದು ಹೆಣ್ಣುಮಕ್ಕಳು ಒಂದು ಕೆಲಸ ಮಾಡಿದರು. ಮಳೆ ನಿಂತ ತಕ್ಷಣ ಮಕ್ಕಳ ಸೀಮೆಸುಣ್ಣ ಹಿಡಿದು, ಯಾವ ಗೋಡೆಗೆ ನೀರು ಎಷ್ಟು ಏರಿತ್ತು ಅಂತ ಗೆರೆ ಎಳೆದರು, ಪಕ್ಕದಲ್ಲಿ ಟೇಪ್ ಇಟ್ಟು ಮೊಬೈಲಲ್ಲಿ ಫೋಟೊ ಹೊಡೆದರು. ಆಮೇಲೆ ನೋಟ್‌ಬುಕ್ಕಿನ ಹಾಳೆ ಮೇಲೆ ಓಣಿಯ ಚಿತ್ರ ಬರೆದು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬಾಣ ಹಾಕಿ ಎಂಜಿನಿಯರ್ ಕೈಗೆ ಕೊಟ್ಟರು. ಅವರು ಅದನ್ನೇ ಇಟ್ಟುಕೊಂಡು ಅಳತೆಗೆ ಬಂದರು. "ನಮಗೆ ತೊಂದರೆ ಆಗುತ್ತಿದೆ, ದಯವಿಟ್ಟು ಸರಿ ಮಾಡಿಸಿ" ಅನ್ನೋ ನೂರು ಸಹಿಯ ಅರ್ಜಿಗಿಂತ ಆ ಹಾಳೆಗೆ ತೂಕ ಜಾಸ್ತಿ ಇತ್ತು.

ಏನೇ ಕೊಟ್ಟರೂ ಎರಡು ಪ್ರತಿ ಮಾಡಿ. ಒಂದು ಕಚೇರಿಯ ಟಪಾಲು ವಿಭಾಗಕ್ಕೆ, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಮನೆಗೆ. ಕಾರ್ಪೊರೇಟರ್‌ಗೂ ಒಂದು ಕೊಡಿ, ಪಟ್ಟಿಗೆ ಕೆಲಸ ಸೇರಿಸೋದರಲ್ಲಿ ಅವರ ಮಾತು ನಡೆಯುತ್ತದೆ.

ಇನ್ನು ದುಡ್ಡು ಯಾರದ್ದು ಅಂತ ಮೊದಲು ಕೇಳಿ. ನಮ್ಮ ಕಡೆ ಇದು ಸ್ವಲ್ಪ ಗೋಜಲು. ಪಾಲಿಕೆಯದ್ದಿರಬಹುದು, ಹಣಕಾಸು ಆಯೋಗದ್ದಿರಬಹುದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದ್ದಿರಬಹುದು, ಬಳ್ಳಾರಿ ಗಣಿ ಜಿಲ್ಲೆ ಆದ್ದರಿಂದ ಡಿಎಂಎಫ್ (ಜಿಲ್ಲಾ ಖನಿಜ ಪ್ರತಿಷ್ಠಾನ) ಹಣವೂ ಇರಬಹುದು. ಬೇರೆ ಕಡೆಯ ದುಡ್ಡಾದರೆ "ಇದು ನಮ್ಮ ಕೆಲಸ ಅಲ್ಲ" ಅಂತ ಕಿಟಕಿಯಿಂದ ಕಿಟಕಿಗೆ ಅಲೆದಾಡಿಸುತ್ತಾರೆ. ಬಾಯಿಮಾತಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಅಂದಾಜು ಪಟ್ಟಿ ಮತ್ತು ನಕ್ಷೆಯ ನಕಲು ಕೇಳಿ, "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ.

ವಾರ್ಡ್ ಸಮಿತಿ ಬಗ್ಗೆಯೂ ಅದರಲ್ಲೇ ಕೇಳಬೇಕು ಅನಿಸಿದರೆ ಬೇರೆ ಅರ್ಜಿ ಹಾಕಿ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇದೆ. 2011ರ ಜನಗಣತಿಯಲ್ಲೇ ಬಳ್ಳಾರಿ 4 ಲಕ್ಷ ದಾಟಿತ್ತು. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಜನ. ಅದರಲ್ಲಿ ಕನಿಷ್ಠ ಮೂವರು ಹೆಂಗಸರು, ಇಬ್ಬರು ನಿವಾಸಿಗಳ ಸಂಘದವರು. ವಾರ್ಡಿನ ಅಭಿವೃದ್ಧಿ ಯೋಜನೆ ಬರೆಯೋದೇ ಅವರ ಕೆಲಸ. ನಿಮ್ಮ ವಾರ್ಡಿನಲ್ಲಿ ಆ ಹತ್ತು ಜನ ಯಾರು, ಕೊನೆಯ ಸಭೆಯ ನಡಾವಳಿ ಎಲ್ಲಿ ಅಂತ ಕೇಳಿ ನೋಡಿ. ಕೊಪ್ಪಳದಂಥ ಸಣ್ಣ ಊರಿನವರಿಗೆ ಈ ದಾರಿ ಇಲ್ಲ, ಅವರು ನಗರಸಭೆ ಸದಸ್ಯರನ್ನೇ ಹಿಡಿಯಬೇಕು.

ಈಗ ಪಾರ್ಕು. ಇಲ್ಲಿ "ನೀವ್ಯಾರು" ಅನ್ನೋ ಮಾತು ನಡೆಯಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಕೇಳೋ ಹಕ್ಕು ಅವರಿಗಿದೆ, ಪಾರ್ಕಿನ ಜಾಗ ಹಾಗೆ ಕೊಡೋ ಹಾಗಿಲ್ಲ ಅಂತ 1991ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆಸ್ಪತ್ರೆ ಒಳ್ಳೆಯದೇ ಅಲ್ವಾ ಅನ್ನೋ ವಾದವೂ ಅಲ್ಲಿ ನಿಲ್ಲಲಿಲ್ಲ.

ಹಾಗಾಗಿ ಮೊದಲು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ಬಡಾವಣೆಯ ಅನುಮೋದಿತ ನಕ್ಷೆಯ ನಕಲು ತೆಗೆಸಿ. ಅದರಲ್ಲಿ ಆ ಜಾಗಕ್ಕೆ "ಉದ್ಯಾನ" ಅಂತ ಬರೆದಿದೆಯಾ, ಸಿಎ ಸೈಟ್ (ನಾಗರಿಕ ಸೌಲಭ್ಯದ ನಿವೇಶನ) ಅಂತ ಬರೆದಿದೆಯಾ ನೋಡಿ. ಎಷ್ಟೋ ಕಡೆ ಜನ ಪಾರ್ಕ್ ಅಂದುಕೊಂಡದ್ದು ನಕ್ಷೆಯಲ್ಲಿ ಸಿಎ ಸೈಟ್ ಆಗಿರುತ್ತದೆ. ಅದರಲ್ಲಿ ಶಾಲೆ, ಸಮುದಾಯ ಭವನ ಕಟ್ಟಬಹುದು, ಆಗ ನಿಮ್ಮ ವಾದ ಬೇರೆಯೇ ಆಗಬೇಕು. ಭೂಬಳಕೆ ಬದಲಾಯಿಸಬೇಕಾದರೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಮಾಸ್ಟರ್ ಪ್ಲಾನಿಗಾದರೆ 60 ದಿನ ಕಾಲ ಇರುತ್ತದೆ. ಆ ಪ್ರಕಟಣೆ ಒಳಪುಟದಲ್ಲಿ, ಸಣ್ಣಕ್ಷರದಲ್ಲಿ, ಟೆಂಡರ್‌ಗಳ ಮಧ್ಯೆ ಬರುತ್ತದೆ. ನಿಮ್ಮ ಓಣಿಯಲ್ಲಿ ದಿನಾ ಪೇಪರ್ ಪೂರ್ತಿ ಓದುವ ರಿಟೈರ್ ಆದ ಮೇಷ್ಟ್ರು ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಸರ್ವೆ ನಂಬರ್ ಬರೆದುಕೊಟ್ಟು ಬನ್ನಿ.