ಆಟ ಬಯಲಿನಲ್ಲೇ ಅಲ್ವಾ, ಮತ್ತೆ ಅರ್ಧ ಸೀಟು ಖಾಲಿ ಬಿಟ್ಟಿದ್ದೇಕೆ?

ಪ್ರಶ್ನೆ: ಕೊರೊನಾ ಕಾಲದಲ್ಲಿ ಸ್ಟೇಡಿಯಂಗಳಿಗೆ ಮೊದಲು ಜನರನ್ನೇ ಬಿಡಲಿಲ್ಲ. ಆಮೇಲೆ ಬಿಟ್ಟರೂ ಅರ್ಧದಷ್ಟು ಮಾತ್ರ. ಸ್ಟೇಡಿಯಂ ಎಂದರೆ ತೆರೆದ ಜಾಗ, ಗಾಳಿ ಚೆನ್ನಾಗಿ ಆಡುತ್ತದೆ. ಅಷ್ಟೆಲ್ಲ ಕಟ್ಟುಪಾಡು ನಿಜಕ್ಕೂ ಬೇಕಿತ್ತಾ?

ಉತ್ತರ: ಗಾಳಿಯ ವಿಚಾರದಲ್ಲಿ ನೀವು ಹೇಳುವುದು ಸರಿ. ಬಯಲಿನಲ್ಲಿ ಸುಮ್ಮನೆ ಕೂತು ಆಟ ನೋಡುವವರಿಗೆ ಅಪಾಯ ಕಡಿಮೆ. ತೊಂದರೆ ಇದ್ದದ್ದು ಸೀಟಿನಲ್ಲಿ ಅಲ್ಲ, ಸೀಟಿಗೆ ಹೋಗುವ ದಾರಿಯಲ್ಲಿ.

ಒಂದು ಸಣ್ಣ ಲೆಕ್ಕ ನೋಡಿ. ಸೀಟಿನ ಅಗಲ ಸುಮಾರು ಅರ್ಧ ಮೀಟರ್. ಇಬ್ಬರ ನಡುವೆ ಎರಡು ಮೀಟರ್ ಬೇಕೆಂದರೆ ಮೂರು ಸೀಟು ಖಾಲಿ ಬಿಡಬೇಕು. ಹಿಂದಿನ ಸಾಲನ್ನೂ ಬಿಟ್ಟರೆ ಎಂಟು ಸೀಟಿಗೆ ಒಬ್ಬರು. ಒಂದೇ ಮನೆಯವರನ್ನು ಒಟ್ಟಿಗೆ ಕೂರಿಸಿದರೆ ಇನ್ನಷ್ಟು ಜನ ಹಿಡಿಸುತ್ತಾರೆ, ಆದರೂ ಅರ್ಧ ತುಂಬುವುದು ಕಷ್ಟ. ಒಂದು ಬಿಟ್ಟು ಒಂದು ಸೀಟಿನ ಪದ್ಧತಿಯಲ್ಲಿ ಪಕ್ಕದವರಿಂದ ಸಿಗುತ್ತಿದ್ದದ್ದು ಸುಮಾರು ಒಂದು ಮೀಟರ್ ಅಂತರ, ಅಷ್ಟೇ. ಹಾಗಾಗಿ ಅರ್ಧ ಸೀಟಿನ ನಿಯಮದ ದೊಡ್ಡ ಲಾಭ ಬೇರೆಯೇ ಇತ್ತು. ಗೇಟಿನ ಮುಂದೆ ನಿಲ್ಲುವವರು ಅರ್ಧ ಕಡಿಮೆಯಾದರು.

ಆಟ ಶುರುವಾಗುವ ಮುಂಚಿನ ಅರ್ಧ ಗಂಟೆ ನೆನಪಿಸಿಕೊಳ್ಳಿ. ಸಾವಿರಾರು ಜನ ಒಟ್ಟಿಗೆ ಬರುತ್ತಾರೆ. ತಪಾಸಣೆಯ ಸಾಲು, ಅಲ್ಲಿಂದ ಸ್ಟ್ಯಾಂಡಿನ ಕೆಳಗಿನ ಇಕ್ಕಟ್ಟಾದ ಓಣಿ, ಆಮೇಲೆ ಮೆಟ್ಟಿಲು. ಮಧ್ಯಂತರದಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಶೌಚಾಲಯ ಬೇಕು, ತಿಂಡಿ ಬೇಕು. ಆಟ ಮುಗಿದ ಮೇಲೆ ಅದೇ ಜನ ರೈಲಿಗೆ, ಬಸ್ಸಿಗೆ ನುಗ್ಗುತ್ತಾರೆ. ಇವುಗಳಲ್ಲಿ ಎಷ್ಟೋ ಜಾಗಗಳಿಗೆ ಚಾವಣಿ ಇರುತ್ತದೆ. ಗಾಳಿ ಅಲ್ಲಿ ಅಷ್ಟಾಗಿ ಆಡುವುದಿಲ್ಲ.

2020ರ ಆಗಸ್ಟ್‌ನಲ್ಲಿ ಜರ್ಮನಿಯ ಸಂಶೋಧಕರು ಲೈಪ್‌ಜಿಗ್ ಅರೀನಾದಲ್ಲಿ ಇದನ್ನೇ ಪರೀಕ್ಷಿಸಿದರು. ಸುಮಾರು 1,400 ಸ್ವಯಂಸೇವಕರನ್ನು ಒಂದು ಸಂಗೀತ ಕಾರ್ಯಕ್ರಮಕ್ಕೆ ಕೂರಿಸಿ, ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರು ಎಂದು ಅಳೆಯುವ ಸಾಧನವನ್ನು ಪ್ರತಿಯೊಬ್ಬರಿಗೂ ಕೊಟ್ಟರು. ಕೈಗೆ ಹಚ್ಚಿಕೊಳ್ಳಲು ಹೊಳೆಯುವ ಸ್ಯಾನಿಟೈಸರ್ ಕೊಟ್ಟರು. ಜನ ಏನನ್ನೆಲ್ಲ ಮುಟ್ಟಿದರು ಎಂಬುದು ಅದರಿಂದ ಕಾಣುತ್ತಿತ್ತು. ಒಳಗೆ ಬರುವಾಗ ಮತ್ತು ಬ್ರೇಕ್‌ನಲ್ಲಿಯೇ ಜನ ಜಾಸ್ತಿ ಹತ್ತಿರವಾಗುತ್ತಾರೆ ಎಂದು ಗೊತ್ತಾಯಿತು. ಗೇಟು ಹೆಚ್ಚಿಸಿ, ತಿಂಡಿಯನ್ನು ಸೀಟಿನಲ್ಲೇ ತಿನ್ನಲಿ, ಗಾಳಿಯ ವ್ಯವಸ್ಥೆ ಚೆನ್ನಾಗಿರಲಿ ಎಂದು ಅವರು ಸಲಹೆ ಕೊಟ್ಟರು. ಎಷ್ಟೋ ಸ್ಟೇಡಿಯಂಗಳಲ್ಲಿ ನೀವು ಕಂಡ ಬದಲಾವಣೆಗಳೆಲ್ಲ ಇದೇ ಜಾತಿಯವು. ಟಿಕೆಟ್ ಮೇಲೆ ಬರುವ ಸಮಯ ಮತ್ತು ಗೇಟಿನ ನಂಬರ್. ಫೋನ್ ತೋರಿಸಿದರೆ ಪ್ರವೇಶ. ನಗದು ಇಲ್ಲದ ಕೌಂಟರ್. ಆಟ ಮುಗಿದ ಮೇಲೆ ಸಾಲು ಸಾಲಾಗಿ ಹೊರಗೆ ಕಳಿಸುವುದು.

ಬಾಗಿಲು ಮುಚ್ಚಿ ಆಡಿಸಿದಾಗಲೂ ಯೋಚನೆ ಇದೇ. 2020ರ ಮೇ 16ರಂದು ಜರ್ಮನಿಯ ಬುಂಡೆಸ್‌ಲಿಗಾ ಫುಟ್‌ಬಾಲ್ ಮತ್ತೆ ಶುರುವಾದಾಗ ಒಳಗೂ ಹೊರಗೂ ಸೇರಿ ಸುಮಾರು 300 ಜನರಿಗಷ್ಟೇ ಅವಕಾಶವಿತ್ತು. ಜುಲೈನಲ್ಲಿ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ಟೆಸ್ಟ್ ಸರಣಿಗೆ ಸೌತಾಂಪ್ಟನ್, ಮ್ಯಾಂಚೆಸ್ಟರ್ ಮೈದಾನಗಳನ್ನು ಆರಿಸಿದರು. ಎರಡೂ ಕಡೆ ಮೈದಾನದ ಆವರಣದಲ್ಲೇ ಹೋಟೆಲ್ ಇದೆ. ಆಟಗಾರರು ಹೊರಗಿನ ರಸ್ತೆಗೆ ಕಾಲಿಡಬೇಕಿರಲಿಲ್ಲ.

ದಾರಿ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಯೂರೋ ಫುಟ್‌ಬಾಲ್ ಫೈನಲ್ ನಡೆಯಿತು. ಟಿಕೆಟ್ ಇಲ್ಲದ ಜನ ಗೇಟು ಮುರಿದು ನುಗ್ಗಿದರು. ಆ ಒಂದು ಪಂದ್ಯದ ಸುತ್ತಮುತ್ತ ಸುಮಾರು 3,400 ಮಂದಿಗೆ ಸೋಂಕು ತಗುಲಿರಬಹುದು ಎಂದು ಬ್ರಿಟನ್ ಸರ್ಕಾರದ ಅಂಕಿಅಂಶ ಹೇಳಿತು. ಅದೇ ದಿನಗಳಲ್ಲಿ, ಅದೇ ನಗರದಲ್ಲಿ ವಿಂಬಲ್ಡನ್ ಟೆನಿಸ್ ಕೂಡ ನಡೆಯುತ್ತಿತ್ತು. ಎರಡು ವಾರದಲ್ಲಿ ಸುಮಾರು 3 ಲಕ್ಷ ಪ್ರೇಕ್ಷಕರು ಬಂದು ಹೋದರು. ಅಲ್ಲಿ ಸೋಂಕು ತಗುಲಿರಬಹುದಾದವರು 600ಕ್ಕಿಂತ ಕಡಿಮೆ. ತೆರೆದ ಜಾಗ ಎರಡೂ ಕಡೆ ಇತ್ತು. ಬೇರೆಯಿದ್ದದ್ದು ನೂಕುನುಗ್ಗಲು, ಕೂಗಾಟ, ಕುಡಿತ. ಅದಕ್ಕೇ ಬರೀ ಗಾಳಿಯನ್ನು ನಂಬಿ ಸ್ಟೇಡಿಯಂ ತೆರೆಯಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ವಿಷಯ, ಊರಿನ ಪರಿಸ್ಥಿತಿ. ಎಷ್ಟು ಚೆನ್ನಾಗಿ ಸಾಲು ನಿಲ್ಲಿಸಿದರೂ ಊರಿನಲ್ಲಿ ಸೋಂಕು ಜಾಸ್ತಿಯಾದರೆ ಗೇಟಿಗೆ ಬರುವವರಲ್ಲೂ ಅದು ಜಾಸ್ತಿಯೇ. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ ಚೆನ್ನೈನ ಎರಡನೇ ಟೆಸ್ಟ್‌ಗೆ ಅರ್ಧದಷ್ಟು ಪ್ರೇಕ್ಷಕರನ್ನು ಬಿಟ್ಟರು. ಮಾರ್ಚ್‌ನಲ್ಲಿ ಅಹಮದಾಬಾದ್‌ನ ಮೊದಲ ಎರಡು ಟಿ20 ಪಂದ್ಯಗಳಿಗೂ ಜನ ಬಂದರು. ಅಷ್ಟರಲ್ಲಿ ನಗರದಲ್ಲಿ ಪ್ರಕರಣಗಳು ಏರಿದವು. ಉಳಿದ ಮೂರು ಪಂದ್ಯಗಳನ್ನು ಖಾಲಿ ಸ್ಟ್ಯಾಂಡುಗಳ ಮುಂದೆ ಆಡಿಸಿ, ಟಿಕೆಟ್ ಕೊಂಡವರಿಗೆ ಹಣ ವಾಪಸ್ ಕೊಡುವುದಾಗಿ ಹೇಳಿದರು.